ಕಾಲು ಬೆಳೆದಂತೆ ಬೆಳೆಯುವ ಕೌದಿ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ನಿಮಗೆಲ್ಲ ಗೊತ್ತು. ನಮ್ಮ ಮನೆಯ ಹಾಸಿಗೆಗೆ ಮಾತ್ರ ಈ ಗಾದೆ ಹೊಂದುವುದಿಲ್ಲ. ಕಾಲು ಬೆಳೆದರೆ ನಾವು ಹಾಸಿಗೆಯನ್ನೇ ಬೆಳೆಸುತ್ತೇವೆ! ಹೇಗೆ ಅಂತೀರಾ? ತುದಿಗೆ ಒಂದು ಮೊಳ ಹಳೆ ಸೀರೆ ಹಚ್ಚಿ ಹೊಲಿದರಾಯಿತು. ಅದೇ ಕೌದಿ. ಈ ವಾರ ಅದರದೇ ಮಾತು.

ಬೆಂಗಳೂರು, ಮೈಸೂರು ಕಡೆಯ ಮಕ್ಕಳಿಗೆ ಈ ಹೆಸರು ಹೊಸದಿರಬಹುದು. ಹಳೆಯ ಹತ್ತಿ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ, ಕೈಯಿಂದಲೇ ಹೊಲಿದ ದಪ್ಪ ಹೊದಿಕೆಗೆ ನಮ್ಮ ಕಡೆ ಕೌದಿ ಅನ್ನುತ್ತಾರೆ. ಕೆಳಗೆ ಹಾಸಬಹುದು, ಮೇಲೆ ಹೊದೆಯಬಹುದು, ಮಡಚಿಟ್ಟು ಒರಗಿಕೊಳ್ಳಲೂಬಹುದು.

ನಮ್ಮದು ಬ್ಯಾಡಗಿಗೂ ರಾಣೆಬೆನ್ನೂರಿಗೂ ನಡುವೆ ಹೊಲದಲ್ಲೇ ಕಟ್ಟಿದ ಮನೆ. ಮನೆಯೊಳಗೆ ನಾವು ಆರು ಮಂದಿ. ದನದ ಮನೆಯಲ್ಲಿ ಹನ್ನೊಂದು: ಎರಡು ಎತ್ತು, ಒಂದು ಹೋರಿ, ನಾಲ್ಕು ಆಕಳು, ಎರಡು ಎಮ್ಮೆ, ಎರಡು ಕರು. ನಸುಕಿನಲ್ಲಿ ಎದ್ದು ಸೆಗಣಿ ಬಳಿದು, ಹಾಲು ಹಿಂಡಿ ಡೇರಿಗೆ ಕಳಿಸಿ, ಮೇವು ಹಾಕಿ, ಅಡಿಗೆ ಮುಗಿಸುವ ಹೊತ್ತಿಗೆ ಬಿಸಿಲೇರಿರುತ್ತದೆ. ದನ ನೀರು ಕುಡಿದು ನೆರಳಿಗೆ ಮಲಗಿ ಮೆಲುಕು ಹಾಕಲು ಶುರು ಮಾಡಿದವೆಂದರೆ ನಮಗೂ ಎರಡು ತಾಸು ಬಿಡುವು. ಕೌದಿ ಹುಟ್ಟುವುದು ಆ ಎರಡು ತಾಸಿನಲ್ಲಿ.

ಅದೂ ವರ್ಷವಿಡೀ ಅಲ್ಲ. ಹತ್ತಿ, ಮೆಣಸಿನಕಾಯಿ ಮನೆಗೆ ಬಂದು ಮಾರಾಟವಾದ ಮೇಲೆ, ಮುಂಗಾರು ಬೀಳುವ ಮೊದಲು. ಚಳಿಗಾಲಕ್ಕೆ ಬೇಕಾದದ್ದನ್ನು ಬೇಸಿಗೆಯಲ್ಲಿ ಹೊಲಿಯಬೇಕು. ಬ್ಯಾಡಗಿ ಮೆಣಸಿನಕಾಯಿಯ ತುಂಬು ಬಿಡಿಸುವ ದಿನಗಳಲ್ಲಿ ಸೂಜಿ ಮುಟ್ಟುವಂತಿಲ್ಲ. ಆ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದು ನಿಜ. ಆದರೂ ದಿನವಿಡೀ ಬಿಡಿಸಿದ ಬೆರಳು ಬಿಳಿ ಧೋತರ ಮುಟ್ಟಿದರೆ ಧೋತರ ಕೆಂಪಾಗುತ್ತದೆ, ಕಣ್ಣು ಒರೆಸಿಕೊಂಡರೆ ಕಣ್ಣೂ ಕೆಂಪಾಗುತ್ತದೆ!

ಮಕ್ಕಳೇ, ಕೌದಿಗೂ ದನಕ್ಕೂ ಏನು ಸಂಬಂಧ ಹೇಳಿ ನೋಡೋಣ? ಎರಡನ್ನೂ ಸಾಕುವುದು ಒಂದೇ ಗಿಡ, ಹತ್ತಿ. ಹೊಲದಿಂದ ಬಿಡಿಸಿ ತಂದ 100 ಕಿಲೊ ಹತ್ತಿಯಲ್ಲಿ ನೂಲಾಗುವ ಅರಳೆ ಸುಮಾರು ಮೂರನೇ ಒಂದು ಪಾಲು. ಉಳಿದದ್ದು ಬಹುಪಾಲು ಬೀಜವೇ. ಅರಳೆ ನೂಲಾಗಿ, ಸೀರೆಯಾಗಿ, ಧೋತರವಾಗಿ ನಮ್ಮ ಮೈಮೇಲೆ ಬರುತ್ತದೆ. ಬೀಜ ಹತ್ತಿಕಾಳಾಗಿ, ಹಿಂಡಿಯಾಗಿ ಆಕಳ ಗೋದಲಿಗೆ ಬರುತ್ತದೆ. ಒಣಗಿದ ಗಿಡ ಒಲೆಗೆ ಕಟ್ಟಿಗೆ. ಒಂದು ಬೆಳೆಯಲ್ಲಿ ನಮಗೆ ಹೊದಿಕೆ, ಅವುಗಳಿಗೆ ಊಟ.

ಇನ್ನು ಕೌದಿ ಹಾಕುವ ಬಗೆ. ಮೊದಲು ಬಟ್ಟೆಗಳನ್ನು ಸೋಡಾ ಹಾಕಿದ ನೀರಲ್ಲಿ ಕುದಿಸಿ, ಒಗೆದು, ಬಿಸಿಲಿಗೆ ಚೆನ್ನಾಗಿ ಒಣಗಿಸಬೇಕು. ಪಡಸಾಲೆಯ ನೆಲದ ಮೇಲೆ ಒಂದು ಗಟ್ಟಿ ಸೀರೆ ಹಾಸಿ ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಡಬೇಕು. ಇಲ್ಲದಿದ್ದರೆ ಗಾಳಿಗೆ ಸೀರೆ, ಸೀರೆಯ ಹಿಂದೆ ಕರು ಓಡುತ್ತವೆ. ಅದರ ಮೇಲೆ ಧೋತರ, ಹರಿದ ಅಂಗಿಯ ಬೆನ್ನು, ಚಾದರದ ತುಂಡು, ಹೀಗೆ ಮೂರೋ ನಾಲ್ಕೋ ಪದರ. ಎಲ್ಲಕ್ಕಿಂತ ಮೇಲೆ ಮತ್ತೊಂದು ಒಳ್ಳೆಯ ಸೀರೆ. ಅಂಚು ಮಡಚಿ ಕಚ್ಚಾ ಹೊಲಿಗೆ ಹಾಕಿ, ಆಮೇಲೆ ದಪ್ಪ ಸೂಜಿ, ಗಟ್ಟಿ ಹತ್ತಿ ದಾರ ಹಿಡಿದು ಅಂಚಿನಿಂದ ನಡುವಿಗೆ ಸುತ್ತು ಸುತ್ತಾಗಿ ಹೊಲಿಯುತ್ತ ಬರಬೇಕು. ಒಂದು ಸುತ್ತಿಗೂ ಇನ್ನೊಂದಕ್ಕೂ ಒಂದು ಬೆರಳು ಅಂತರ. ಚೆಂದಕ್ಕೆ ಗುಳೇದಗುಡ್ಡದ ಖಣದ ತುಂಡು, ಮಕ್ಕಳ ಲಂಗದ ತುಂಡುಗಳನ್ನು ತ್ರಿಕೋನ, ಚೌಕ ಮಾಡಿ ಮೇಲೆ ಹಚ್ಚುತ್ತೇವೆ. ಕೊನೆಗೆ ನಡುವೆ ಅಂಗೈಯಷ್ಟು ಜಾಗ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಅದನ್ನು ಮುಚ್ಚುವ ಮೊದಲು ನಾಲ್ಕು ಕಾಳು ಜೋಳ ಇಡುವುದು ನಮ್ಮ ಮನೆಯ ರೂಢಿ. ಹಸಿದ ಕೌದಿ ಹೊದ್ದರೆ ನಿದ್ದೆ ಬರುವುದಿಲ್ಲವಂತೆ!

ಇಷ್ಟೊಂದು ಹೊಲಿಗೆ ಯಾಕೆ? ಪದರಗಳ ನಡುವೆ ತೆಳ್ಳಗೆ ಗಾಳಿ ನಿಂತಿರುತ್ತದೆ. ನಿಂತ ಗಾಳಿ ಶಾಖವನ್ನು ಬೇಗ ಹೊರಗೆ ಬಿಡುವುದಿಲ್ಲ. ನಮ್ಮ ಮೈಯ ಬಿಸಿಯೇ ನಮ್ಮನ್ನು ಬೆಚ್ಚಗಿಡುತ್ತದೆ. ಹೊಲಿಗೆ ಇಲ್ಲದಿದ್ದರೆ ಪದರಗಳು ಜಾರಿ ಒಂದೆಡೆ ಗುಡ್ಡೆಯಾಗುತ್ತವೆ. ಮಳೆಯಲ್ಲಿ ದನ ಕಾಯಲು ಹೋಗುವವರಿಗೆ ಮಾತ್ರ ಕೌದಿ ಬೇಡ. ಅದು ನೀರು ಕುಡಿದು ಭಾರವಾಗುತ್ತದೆ. ಅವರಿಗೆ ಉಣ್ಣೆಯ ಕಂಬಳಿಯೇ ಸರಿ. ಹೊರಗೆ ಕಂಬಳಿ, ಒಳಗೆ ಕೌದಿ.

ಅಂಗಡಿಯ ಹೊದಿಕೆ ಯಾರಿಗೂ ಆಗುತ್ತದೆ. ಕೌದಿಯನ್ನು ಒಬ್ಬರಿಗೆಂದೇ ಹೊಲಿಯುತ್ತೇವೆ, ಅದರೊಳಗೆ ಇಂಥವರ ಬಟ್ಟೆ ಇದೆ ಎಂದೂ ಗೊತ್ತಿರುತ್ತದೆ. ಹೋದ ವರ್ಷ ನಮ್ಮ ಮನೆಯಲ್ಲಿ ಇದೇ ದೊಡ್ಡ ಚರ್ಚೆಯಾಯಿತು. ಮಾವನವರು ತೀರಿಕೊಂಡು ಮೂರು ವರ್ಷವಾಗಿತ್ತು. ಪೆಟ್ಟಿಗೆಯಲ್ಲಿ ಅವರದೊಂದು ಗಟ್ಟಿ ಧೋತರ ಉಳಿದಿತ್ತು. ಹೆರಿಗೆಗೆ ಬಂದ ನನ್ನ ಹಿರಿಮಗಳು ಹುಟ್ಟುವ ಕೂಸಿಗೆ ಅದರ ಕೌದಿ ಬೇಕು ಅಂದಳು. ನಮ್ಮ ಅತ್ತೆ ಅದನ್ನು ಮೊಮ್ಮಗನಿಗೆ ಎತ್ತಿಟ್ಟಿದ್ದರು. ಅವನು ಎಂಟನೆಯ ತರಗತಿಗೆ ಹಾಸ್ಟೆಲಿಗೆ ಹೊರಟಿದ್ದ. ಅಷ್ಟರಲ್ಲಿ ಓಣಿಯ ಹಿರಿಯರೊಬ್ಬರು ಬಂದು, “ಹೋದವರ ಅರಿವಿ ಮನ್ಯಾಗ ಇಟಗೋಬಾರದವಾ, ಯಾರಿಗರೆ ಕೊಟ್ಟಬಿಡ್ರಿ” ಅಂದರು.

ಅತ್ತೆ ಧೋತರ ತೊಡೆಯ ಮೇಲೆ ಇಟ್ಟುಕೊಂಡು ಹೇಳಿದರು: “ಇದನ್ನ ಉಟಗೊಂಡ ಅವರು ದಿನಾ ಹೊತ್ತ ಮೂಡೂದ್ರಾಗ ದನಕ್ಕ ಮೇವು ಹಾಕ್ಯಾರ. ಇದರಾಗ ಕೆಟ್ಟದ್ದೇನೈತಿ? ಹರದರ ಎರಡು ತುಂಡ ಆಗತೈತಿ. ಇಬ್ರಿಗೂ ಹಾಕೂಣು.”

ಹಾಸ್ಟೆಲಿಗೆ ಹೋಗುವವನಿಗೇ ಅದು ಬೇಡವಾಗಿತ್ತು. “ಎಲ್ಲಾರೂ ರಗ್ಗು ತರತಾರ, ನನಗ ನಗತಾರ” ಎಂದು ಮುಖ ಊದಿಸಿದ. ಅತ್ತೆ ವಾದಕ್ಕೆ ಹೋಗಲಿಲ್ಲ. “ಆತಪಾ, ರಗ್ಗು ತಗೋ. ನನಗ ಸೂಜಿಗೆ ದಾರ ಮಾತ್ರ ಪೋಣಿಸಿಕೊಡು, ಕಣ್ಣು ಕಾಣವಲ್ದು” ಅಂದರು. ಎಂಬತ್ತು ದಾಟಿದ ಬೆರಳಿಗೆ ಹೊಲಿಗೆ ಗೊತ್ತು, ಆದರೆ ಕಣ್ಣಿಗೆ ಸೂಜಿಯ ತೂತು ಕಾಣುವುದಿಲ್ಲ. ದಿನಾ ಸಂಜೆ ಅವನು ಹತ್ತು ಸೂಜಿಗೆ ದಾರ ಪೋಣಿಸಿ ಸಾಲಾಗಿ ಕೌದಿಗೆ ಚುಚ್ಚಿಡುತ್ತಿದ್ದ. ಮರುದಿನ ಮಧ್ಯಾಹ್ನ ಅವರು ಯಾರನ್ನೂ ಕರೆಯದೆ ಹೊಲಿಯುತ್ತಿದ್ದರು. ಪೋಣಿಸುತ್ತ ಪೋಣಿಸುತ್ತ “ಇದು ಯಾರದು, ಅದು ಯಾರದು” ಎಂದು ಕೇಳತೊಡಗಿದ. ಇದು ನಿಮ್ಮಜ್ಜ ಹಾವೇರಿ ದನದ ಸಂತೆಗೆ ಹೋಗಿ ಹೋರಿ ಹಿಡಿದುಕೊಂಡು ಬಂದ ದಿನ ಉಟ್ಟ ಧೋತರ. ಇದು ನನ್ನ ಇಳಕಲ್ ಸೀರೆಯ ಒಡಲು. ಇದು ನಿನ್ನ ಒಂದನೆಯ ತರಗತಿಯ ಅಂಗಿ, ನೋಡು, ಮಸಿ ಕಲೆ ಇನ್ನೂ ಹೋಗಿಲ್ಲ. ಕಡೆಗೆ ಅವನು ರಗ್ಗು, ಕೌದಿ ಎರಡನ್ನೂ ಹೊತ್ತುಕೊಂಡು ಹೋದ.

ದೀಪಾವಳಿ ರಜೆಗೆ ಬಂದವನು ಚೀಲ ಇಳಿಸಿ ಆಡಿದ ಮೊದಲ ಮಾತು, “ಅಜ್ಜೀ, ಕಾಲು ಹೊರಗ ಬರಾಕತ್ತಾವ. ತುದಿಗೆ ಒಂದು ಮೊಳ ಹಚ್ಚಿಕೊಡಬೇ.” ಅತ್ತೆಗೆ ಅದಕ್ಕಿಂತ ದೊಡ್ಡ ಹಬ್ಬ ಬೇಕಿರಲಿಲ್ಲ.

ದೀಪಾವಳಿ ನಮ್ಮ ಹಾವೇರಿ ಸೀಮೆಯ ಹೋರಿಗಳ ಹಬ್ಬವೂ ಹೌದು. ಕೊರಳಿಗೆ ಕೊಬ್ಬರಿ ಸರ, ಕೊಂಬಿಗೆ ಬಲೂನು, ಬೆನ್ನಿಗೆ ಜೂಲ ಹಾಕಿಸಿಕೊಂಡು ಹೋರಿಗಳು ಓಡುತ್ತವೆ. ಹುಡುಗರು ಕೊಬ್ಬರಿ ಹರಿಯಲು ಬೆನ್ನು ಹತ್ತುತ್ತಾರೆ. ಆ ಜೂಲವನ್ನು ನಮ್ಮ ಮನೆಯಲ್ಲಿ ಹೊಲಿಯುವುದೂ ಕೌದಿ ಹೊಲಿಯುವ ಕೈಗಳೇ. ಹೊಸ ಬಟ್ಟೆ, ಕನ್ನಡಿ, ಗೊಂಡೆ ಎಲ್ಲ ಜೂಲಕ್ಕೆ. ಹಳೆ ಬಟ್ಟೆ ನಮ್ಮ ಕೌದಿಗೆ! ಹೋರಿಗಿರುವ ಮರ್ಯಾದೆ ಅಷ್ಟು. ಶಿಗ್ಗಾವಿ ತಾಲ್ಲೂಕಿನ ಬಂಕಾಪುರ ಕೋಟೆಯಲ್ಲಿ ಖಿಲಾರಿ ತಳಿಯ ದನಗಳನ್ನು ಸಾಕುವ ಸರ್ಕಾರಿ ಕೇಂದ್ರವಿದೆ. ನವಿಲುಧಾಮವೂ ಅಲ್ಲೇ. ಶಾಲೆಯ ಪ್ರವಾಸ ಆ ಕಡೆ ಹೋದರೆ ಉದ್ದ ಕೊಂಬಿನ ಆ ಬಿಳಿ ದನಗಳನ್ನು ನೋಡದೆ ಬರಬೇಡಿ.

ಕೌದಿ ಹಳೆಯದಾದರೆ ಎಸೆಯುತ್ತೇವೆಯೇ? ಇಲ್ಲ. ಮೊದಲು ಮಂಚದಿಂದ ಬಂಡಿಗೆ ಇಳಿಯುತ್ತದೆ, ಕುಳಿತವರಿಗೆ ಮೆತ್ತಗಿರಲಿ ಎಂದು. ಅಲ್ಲಿಂದ ದನದ ಮನೆಗೆ. ಚಳಿಗಾಲದಲ್ಲಿ ಹುಟ್ಟಿದ ಎಳೆಗರುವಿನ ಬೆನ್ನಿಗೆ ಅದನ್ನು ಹೊದಿಸುತ್ತೇವೆ. ಕರು ಅದರ ಒಂದು ಮೂಲೆ ಜಗಿಯುತ್ತ ನಿಲ್ಲುತ್ತದೆ. ಪೂರಾ ಚಿಂದಿಯಾದ ಮೇಲೆ ತಿಪ್ಪೆಗೆ ಸೇರಿ, ಗೊಬ್ಬರದೊಂದಿಗೆ ಹೊಲಕ್ಕೆ ಹೋಗುತ್ತದೆ. ಹತ್ತಿಯಿಂದ ಬಂದದ್ದು ಮತ್ತೆ ಹತ್ತಿಯ ಬುಡಕ್ಕೆ.

ಈ ಕಲೆ ನಮ್ಮೊಬ್ಬರದೇ ಅಲ್ಲ. ಹಾನಗಲ್ಲ ದಾಟಿ ಮುಂಡಗೋಡ, ಯಲ್ಲಾಪುರ, ಹಳಿಯಾಳದ ಕಡೆ ಹೋದರೆ ಸಿದ್ದಿ ಜನ ಇದ್ದಾರೆ. ಅವರ ಹಿರಿಯರು ಆಫ್ರಿಕಾದಿಂದ ಬಂದವರು. ಆ ಹೆಣ್ಣುಮಕ್ಕಳು ಕೌದಿಯನ್ನು ಕವಂದಿ ಅನ್ನುತ್ತಾರೆ. ಒಂದು ಮೂಲೆಯಿಂದ ಶುರು ಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಾಡಿದ ಪುಟ್ಟ ‘ಫೂಲ’ ಇಡುತ್ತಾರೆ. ಅದಿಲ್ಲದ ಕವಂದಿ ಬೆತ್ತಲೆ ಎಂದು ಅವರ ಭಾವನೆ. ಬಂಗಾಳದಲ್ಲಿ ಹಳೆ ಸೀರೆಗಳ ಕಾಂಥಾ, ಬಿಹಾರದಲ್ಲಿ ಸುಜನಿ. ದೂರದ ಅಮೆರಿಕದಲ್ಲಿ 1930ರ ದಶಕದಲ್ಲಿ ಹಿಟ್ಟು, ದನ ಕೋಳಿಗಳ ಮೇವು ಹತ್ತಿ ಬಟ್ಟೆಯ ಚೀಲಗಳಲ್ಲಿ ಬರುತ್ತಿತ್ತು. ರೈತರ ಮನೆಯ ಹೆಂಗಸರು ಆ ಚೀಲ ಬಿಚ್ಚಿ ಮಕ್ಕಳ ಅಂಗಿ, ಹೊದಿಕೆ ಹೊಲಿಯುತ್ತಿದ್ದರು. ಅದು ಗೊತ್ತಾಗಿ ಕಂಪನಿಗಳು ಹೂವಿನ ಚಿತ್ತಾರದ ಚೀಲಗಳನ್ನೇ ತಂದವು! ನಮ್ಮ ಹಿಂಡಿ ಚೀಲ ಈಗ ಪ್ಲಾಸ್ಟಿಕ್ಕು, ಹೊದೆಯಲು ಬರುವುದಿಲ್ಲ.

ಸೀರೆಗಳದೂ ಅದೇ ಕಥೆ. ಈಗ ನಾವು ದಿನಾ ಉಡುವುದು ಹೆಚ್ಚಾಗಿ ಪಾಲಿಸ್ಟರ್. ಬೇಗ ಒಣಗುತ್ತದೆ, ಇಸ್ತ್ರಿ ಬೇಡ, ದನದ ಕೆಲಸಕ್ಕೆ ಅನುಕೂಲ. ಆದರೆ ಕೌದಿಗೆ ಆಗದು. ಪದರ ಜಾರುತ್ತದೆ, ಬೆವರು ಹೀರುವುದಿಲ್ಲ, ತಿಪ್ಪೆಗೆ ಹಾಕಿದರೆ ಕೊಳೆಯುವುದಿಲ್ಲ. ಉಳಿದಿರುವ ಹತ್ತಿ ಸೀರೆ, ಧೋತರಗಳನ್ನು ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರಿಗೆ ಹಾಕಿಬಿಡುತ್ತೇವೆ. ಊರೂರು ತಿರುಗಿ, ಕಾಳು ಕಡಿ, ದುಡ್ಡು ಪಡೆದು ಕೌದಿ ಹೊಲಿದುಕೊಡುತ್ತಿದ್ದ ಹೆಣ್ಣುಮಕ್ಕಳೂ ಈಗ ನಮ್ಮೂರಿಗೆ ಬರುವುದು ಅಪರೂಪ. ನಮ್ಮ ಪೆಟ್ಟಿಗೆಯಲ್ಲಿ ಇನ್ನು ನಾಲ್ಕೇ ಹತ್ತಿ ಸೀರೆ. ಅತ್ತೆಯ ಬೆರಳು ನಡೆಯುವಷ್ಟರಲ್ಲಿ ಅವನ್ನೂ ಕೌದಿ ಮಾಡಬೇಕೆಂದು ಈ ಬೇಸಿಗೆಗೆ ರಾಣೆಬೆನ್ನೂರಿನಿಂದ ದಾರ ತರಿಸಿಟ್ಟಿದ್ದೇನೆ.

ಹಿರಿಯರೇ, ನಿಮ್ಮ ಪೆಟ್ಟಿಗೆ ತೆರೆದು ಒಮ್ಮೆ ನೋಡಿ. ಪಾತ್ರೆಯವರು ಬರುವ ಮೊದಲು ಒಂದು ಹತ್ತಿ ಸೀರೆಯನ್ನಾದರೂ ಪಕ್ಕಕ್ಕೆ ಎತ್ತಿಡಿ. ಪೂರ್ತಿ ಕೌದಿ ಆಗದಿದ್ದರೆ ಕೂಸಿನ ಪುಟ್ಟ ಕೌದಿ, ಅದೂ ಆಗದಿದ್ದರೆ ಊಟಕ್ಕೆ ಕೂರುವ ಚೌಕ.

ಮಕ್ಕಳೇ, ನಿಮಗೊಂದು ಲೆಕ್ಕ. ಕೌದಿಯ ಉದ್ದ 210 ಸೆಂಟಿಮೀಟರ್, ಅಗಲ 150. ಎರಡು ಸೆಂಟಿಮೀಟರಿಗೆ ಒಂದು ಸಾಲಿನಂತೆ 75 ಸಾಲು. ಒಂದೊಂದು ಸಾಲು 210 ಸೆಂಟಿಮೀಟರ್. ಸೆಂಟಿಮೀಟರಿಗೆ ಒಂದು ಹೊಲಿಗೆ ಅಂದರೆ ಒಟ್ಟು ಎಷ್ಟಾಯಿತು? 15,750! ಅಷ್ಟನ್ನೂ ಅಜ್ಜಿಯೇ ಹಾಕುತ್ತಾರೆ. ನೀವು ದಿನಕ್ಕೆ ಹತ್ತು ಸೂಜಿಗೆ ದಾರ ಪೋಣಿಸಿಕೊಟ್ಟರೆ ಸಾಕು. ಪೋಣಿಸುವಾಗ ‘ಈ ತುಂಡು ಯಾರದು?’ ಎಂದು ಕೇಳುವುದನ್ನು ಮರೆಯಬೇಡಿ.