ಮುಂದಿನ ಹತ್ತು ವರ್ಷದ ಕೆಲಸ ಕೈಕಸುಬಿನಲ್ಲಿದೆಯೇ?

ಸಿಇಟಿ ಆಪ್ಷನ್ ಎಂಟ್ರಿ ಹತ್ತಿರ ಬಂತೆಂದರೆ ಮನೆಮನೆಯಲ್ಲೂ ಒಂದೇ ಮಾತು, ಕಂಪ್ಯೂಟರ್ ಸೈನ್ಸ್ ಸೀಟು ಸಿಗುತ್ತದೋ ಇಲ್ಲವೋ ಎಂದು. ಇತ್ತ ಐಟಿ ಕಂಪನಿಗಳಲ್ಲಿ ನೇಮಕಾತಿ ನಿಧಾನವಾಗಿದೆ. ಹಾಗಾದರೆ ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿದ ಮಕ್ಕಳನ್ನು ಐಟಿಐ, ಡಿಪ್ಲೊಮಾ, ನರ್ಸಿಂಗ್‌ನಂಥ ಕೈಕೆಲಸದ ದಾರಿಗೆ ಕಳಿಸುವುದೇ ಜಾಣತನವೇ? ಈ ಕ್ಷೇತ್ರಗಳಲ್ಲೇ ಇರುವ ಇಬ್ಬರನ್ನು ಕೇಳಿದೆವು.

ಪರ
*(ಸರ್ಕಾರಿ ಐಟಿಐ ಒಂದರಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಕಲಿಸುವ ತರಬೇತಿ ಅಧಿಕಾರಿ)*

ಹೋದ ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ನೋಡಲು ಬೆಂಗಳೂರಿಗೆ ಹೋಗಿದ್ದೆ. ಊಟಕ್ಕೆ ಕೂತಿದ್ದೆವು, ಅವನಿಗೆ ಫೋನ್ ಬಂತು. ಅಪಾರ್ಟ್‌ಮೆಂಟ್ ಒಂದರಲ್ಲಿ ಆರೇಳು ಮನೆಗಳ ಟಿವಿ, ಫ್ರಿಜ್ಜು ಒಟ್ಟಿಗೇ ಸುಟ್ಟುಹೋಗಿವೆ ಅಂತ. ತಟ್ಟೆ ಅಲ್ಲೇ ಬಿಟ್ಟು ಎದ್ದ. ನಾನೂ ಜೊತೆಗೆ ಹೊರಟೆ.

ಹೋಗಿ ನೋಡಿದರೆ ಒಂದು ಮನೆಯಲ್ಲಿ ಫ್ಯಾನು ತೆವಳುತ್ತಿದೆ, ಎದುರು ಮನೆಯಲ್ಲಿ ಕಿತ್ತುಕೊಂಡು ಬರುವ ಹಾಗೆ ತಿರುಗುತ್ತಿದೆ. ಮೇನ್ ಪ್ಯಾನಲ್ ಮುಂದೆ ಏಳೆಂಟು ಜನ ನಿಂತಿದ್ದರು. ಎಲ್ಲರೂ ಓದಿದವರು, ಹೆಚ್ಚಿನವರು ಸಾಫ್ಟ್‌ವೇರಿನವರು. ಒಬ್ಬರು ಮೊಬೈಲ್ ಹಿಡಿದು, “ಎಐಗೆ ಕೇಳಿದೆ, ನ್ಯೂಟ್ರಲ್ ಕಟ್ ಆಗಿರಬಹುದು ಅಂತಿದೆ” ಅಂದರು. ಅದು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಅಲ್ಲಿದ್ದ ಯಾರೂ ಪ್ಯಾನಲ್ಲಿನ ಬಾಗಿಲು ಮುಟ್ಟಿರಲಿಲ್ಲ, ಮುಟ್ಟಬಾರದಿತ್ತು ಕೂಡ.

ನನ್ನ ಹುಡುಗ ಬಾಗಿಲು ತೆಗೆದವನೇ ಮೊದಲು ಮೂಸಿದ. ಸುಟ್ಟ ವಾಸನೆ ಎಡಗಡೆಯಿಂದ ಬರುತ್ತಿತ್ತು. ಮೀಟರ್ ಇಟ್ಟರೆ ಒಂದು ಫೇಸಿನಲ್ಲಿ 140 ವೋಲ್ಟು, ಇನ್ನೊಂದರಲ್ಲಿ 300. ಮೇನ್ ಆಫ್ ಮಾಡಿ, ಕರೆಂಟಿಲ್ಲ ಎಂದು ಇನ್ನೊಮ್ಮೆ ಪರೀಕ್ಷಿಸಿ, ಆಮೇಲೆ ಕೈಹಾಕಿದ. ನ್ಯೂಟ್ರಲ್ ಬಾರಿಗೆ ಕೂರಿಸಿದ್ದ ಲಗ್ ಸಡಿಲಾಗಿ, ಕಾದು ಕಾದು ಕಪ್ಪಾಗಿತ್ತು. ಮೇಲಿನ ಇನ್ಸುಲೇಷನ್ ಮೇಣದ ಹಾಗೆ ಇಳಿದಿತ್ತು. ಸುಟ್ಟ ಭಾಗ ಕತ್ತರಿಸಿ, ಹೊಸ ತಾಮ್ರದ ಲಗ್ ಹಾಕಿ ಕ್ರಿಂಪ್ ಮಾಡಿ, ಬೋಲ್ಟ್ ಬಿಗಿದು, ಕೈಯಿಂದ ಎಳೆದು ನೋಡಿದ. ಮತ್ತೆ ಆನ್ ಮಾಡಿದಾಗ 231, 229, 232. ಒಂದೂವರೆ ಗಂಟೆಯ ಕೆಲಸ.

ನಾನು ಹೇಳಬೇಕಾದದ್ದೆಲ್ಲ ಆ ಒಂದೂವರೆ ಗಂಟೆಯಲ್ಲೇ ಇದೆ. ಏನು ಕೆಟ್ಟಿದೆ ಎಂಬ ಉತ್ತರ ಇವತ್ತು ಎಲ್ಲರ ಜೇಬಿನಲ್ಲೂ ಸಿಗುತ್ತದೆ. ಆ ಉತ್ತರವನ್ನು ಕಪ್ಪಾದ ಲಗ್ಗಿನ ತನಕ ಒಯ್ಯುವ ಕೈ ಮಾತ್ರ ಎಲ್ಲರ ಹತ್ತಿರ ಇಲ್ಲ. ಕೂತಲ್ಲೇ ಮಾಡಬಹುದಾದ ಕೆಲಸವನ್ನು ಹೈದರಾಬಾದಿನವನೂ ಮಾಡಬಹುದು, ಮನಿಲಾದವನೂ ಮಾಡಬಹುದು, 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಯಂತ್ರವೂ ಮಾಡುತ್ತದೆ. ಪ್ಯಾನಲ್ಲಿನ ಎದುರು ನಿಂತೇ ಮಾಡಬೇಕಾದ ಕೆಲಸವನ್ನು ಅಲ್ಲಿಗೆ ಹೋದವನೇ ಮಾಡಬೇಕು.

ಇದು ನನ್ನ ಟ್ರೇಡಿನ ಅಭಿಮಾನದ ಮಾತಷ್ಟೇ ಅಲ್ಲ. ವಿಶ್ವ ಆರ್ಥಿಕ ವೇದಿಕೆ 2025ರ ಜನವರಿಯಲ್ಲಿ ಹೊರತಂದ ಉದ್ಯೋಗ ವರದಿಯ ಪ್ರಕಾರ 2030ರೊಳಗೆ ಜಗತ್ತಿನಲ್ಲಿ 17 ಕೋಟಿ ಹೊಸ ಕೆಲಸ ಹುಟ್ಟುತ್ತವೆ, 9.2 ಕೋಟಿ ಹೋಗುತ್ತವೆ. ಸಂಖ್ಯೆಯಲ್ಲಿ ಅತಿ ಹೆಚ್ಚು ಬೆಳೆಯುವ ಕೆಲಸಗಳಲ್ಲಿ ಹೊಲದ ಕೆಲಸ, ಡೆಲಿವರಿ, ಕಟ್ಟಡ ಕೆಲಸ ಮೇಲಿನ ಸಾಲಿನಲ್ಲಿವೆ. ನರ್ಸಿಂಗ್, ಆರೈಕೆಯ ಕೆಲಸಗಳೂ ಇವೆ. ಹೋಗುವವು ಯಾವುವು? ಗುಮಾಸ್ತರು, ಕ್ಯಾಷಿಯರುಗಳು, ಡೇಟಾ ಎಂಟ್ರಿಯವರು. ನಮ್ಮಲ್ಲಿ ‘ಫ್ಯಾನಿನ ಕೆಳಗಿನ ಕೆಲಸ’ ಎಂದು ಯಾವುದಕ್ಕೆ ಆಸೆಪಟ್ಟಿದ್ದೇವೋ ಅವೇ.

ನಮ್ಮ ರಾಜ್ಯವನ್ನೇ ನೋಡಿ. ನರಸಾಪುರ, ದೇವನಹಳ್ಳಿ, ಬಿಡದಿ ಕಡೆ ಕಾರ್ಖಾನೆಗಳು ಬಂದಿವೆ, ಬರುತ್ತಲೂ ಇವೆ. ಅಲ್ಲಿನ ಲೈನ್ ನಿಂತರೆ ಓಡಿಹೋಗುವವನು ಮೇಂಟೆನೆನ್ಸ್ ಫಿಟ್ಟರು, ಎಲೆಕ್ಟ್ರಿಷಿಯನ್ನು. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ತಂದ ಪಿಎಂ ಸೂರ್ಯಘರ್ ಯೋಜನೆಯ ಗುರಿ ಒಂದು ಕೋಟಿ ಮನೆಗಳ ಛಾವಣಿಗೆ ಸೋಲಾರ್. ಒಂದೊಂದು ಛಾವಣಿಗೂ ಯಾರೋ ಹತ್ತಬೇಕು, ಪ್ಯಾನಲ್ ಕೂರಿಸಬೇಕು, ಅರ್ಥಿಂಗ್ ಕೊಡಬೇಕು, ಐದು ವರ್ಷ ಬಿಟ್ಟು ಇನ್ವರ್ಟರ್ ಕೆಟ್ಟಾಗ ಮತ್ತೆ ಹತ್ತಬೇಕು. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೆ ಏರಿಸಿದ್ದಾರೆ. 2022ರ ಜೂನ್‌ನಲ್ಲಿ ಅವುಗಳ ಲೋಕಾರ್ಪಣೆಯಾಯಿತು. ಸಿಎನ್‌ಸಿ, ರೋಬಾಟಿಕ್ಸ್, ಎಲೆಕ್ಟ್ರಿಕ್ ವಾಹನದ ಕೋರ್ಸುಗಳು ಬಂದಿವೆ. ಐಟಿಐ ಎಂದರೆ ತುಕ್ಕು ಹಿಡಿದ ಲೇತು ಮತ್ತು ಖಾಕಿ ಅಂಗಿ ಎಂದುಕೊಂಡವರು ಒಮ್ಮೆ ಒಳಗೆ ಬಂದು ನೋಡಲಿ.

ಸಂಬಳ ಕಡಿಮೆ ಅನ್ನುತ್ತಾರೆ. ದೊಡ್ಡ ಐಟಿ ಸೇವಾ ಕಂಪನಿಗಳಲ್ಲಿ ಹೊಸಬರ ಸಂಬಳ ಹತ್ತು-ಹದಿನೈದು ವರ್ಷದಿಂದ ವರ್ಷಕ್ಕೆ 3ರಿಂದ 4 ಲಕ್ಷದ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಅಷ್ಟಕ್ಕಾಗಿ ಮ್ಯಾನೇಜ್‌ಮೆಂಟ್ ಸೀಟಿಗೆ ಸಾಲ ಮಾಡಿ, ಹೊಲ ಅಡವಿಟ್ಟ ತಂದೆಯರನ್ನು ನಾನು ಬಲ್ಲೆ. ನಮ್ಮದೇ ಸರ್ಕಾರ 2024ರಿಂದ ಯುವನಿಧಿ ಕೊಡುತ್ತಿದೆ. ಓದು ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500. ಡಿಗ್ರಿ ಕೈಯಲ್ಲಿದ್ದರೆ ಕೆಲಸ ಖಚಿತ ಎಂಬ ಕಾಲ ಮುಗಿಯಿತು ಎನ್ನಲು ಬೇರೆ ಪುರಾವೆ ಏಕೆ?

ಹೆಣ್ಣು ಕೊಡುವುದಿಲ್ಲ ಎನ್ನುವುದು ಇನ್ನೊಂದು ಮಾತು. ಆ ಮಾತಿಗೆ ಉತ್ತರ ಕೊಡುತ್ತಾ ಕೂರುವಷ್ಟು ಪುರುಸೊತ್ತು ನನಗಿಲ್ಲ. ಸ್ವಂತ ಕಾಂಟ್ರ್ಯಾಕ್ಟು ಹಿಡಿದು ನಾಲ್ಕು ಜನರಿಗೆ ಕೆಲಸ ಕೊಟ್ಟಿರುವ ನನ್ನ ಹುಡುಗರ ಮದುವೆಗಳಲ್ಲಿ ನಾನೇ ಉಂಡು ಬಂದಿದ್ದೇನೆ.

ಒಂದನ್ನು ಒಪ್ಪಬೇಕು. ಕಾರ್ಖಾನೆಗಳು ನಮ್ಮ ಮಕ್ಕಳನ್ನು ಅಪ್ರೆಂಟಿಸ್ ಎಂದು ಒಂದು ವರ್ಷ, ಟ್ರೈನಿ ಎಂದು ಎರಡು ವರ್ಷ ದುಡಿಸಿಕೊಂಡು, ಕಾಯಂ ಮಾಡುವ ಹೊತ್ತಿಗೆ ಹೊಸ ಬ್ಯಾಚು ಕರೆಯುವುದುಂಟು. ಕೊಟ್ಟ ದುಡ್ಡು ರೂಮಿನ ಬಾಡಿಗೆಗೂ ಊಟಕ್ಕೂ ಸರಿಹೋಗುತ್ತದೆ, ಊರಿಗೆ ಕಳಿಸಲು ಉಳಿಯುವುದಿಲ್ಲ. ಮೊದಲ ನಾಲ್ಕೈದು ವರ್ಷ ಕಷ್ಟವೇ. ಅಂದು ಊಟ ಬಿಟ್ಟು ಎದ್ದ ಹುಡುಗನೂ ಆ ಕಷ್ಟ ದಾಟಿಯೇ ಬಂದವನು. ತಮ್ಮನನ್ನು ಅವನು ಎಂಜಿನಿಯರಿಂಗ್‌ಗೆ ಸೇರಿಸಿದ್ದಾನೆ, ಫೀಸೂ ಅವನೇ ಕಟ್ಟುತ್ತಾನೆ. ಯಾಕಪ್ಪಾ ಎಂದು ಕೇಳಿದ್ದಕ್ಕೆ, “ಅವನು ಬಿಸಿಲಲ್ಲಿ ನಿಲ್ಲೋದು ಬೇಡ ಸಾರ್” ಅಂದ. ಆ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಆ ತಮ್ಮ ಯಾವ ಬ್ರಾಂಚ್ ತೆಗೆದುಕೊಂಡ ಗೊತ್ತೇ? ಎಲೆಕ್ಟ್ರಿಕಲ್. ಆಯ್ಕೆ ಮಾಡಿಕೊಟ್ಟವನು ಅಣ್ಣನೇ.

ವಿರೋಧ
*(ಖಾಸಗಿ ಎಂಜಿನಿಯರಿಂಗ್ ಕಾಲೇಜೊಂದರ ಪ್ಲೇಸ್‌ಮೆಂಟ್ ಅಧಿಕಾರಿ)*

ಕ್ಯಾಂಪಸ್ ಸಂದರ್ಶನಗಳ ನಡುವೆ ಈ ಲೇಖನ ಬರೆಯುತ್ತಿದ್ದೇನೆ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಐಟಿ ಮುಗಿಯಿತು ಎಂಬ ಮಾತು ಹೊಸದಲ್ಲ. 2001ರಲ್ಲಿ ಡಾಟ್‌ಕಾಂ ಕಂಪನಿಗಳು ಕುಸಿದಾಗ, 2008ರಲ್ಲಿ ಅಮೆರಿಕದ ಬ್ಯಾಂಕುಗಳು ಮುಳುಗಿದಾಗಲೂ ಇದೇ ಮಾತು ಕೇಳಿದ್ದೆವು. ಎರಡು ಸಲವೂ ಈ ಕ್ಷೇತ್ರ ಮೊದಲಿಗಿಂತ ದೊಡ್ಡದಾಗಿ ಎದ್ದಿತು. ನಾಸ್‌ಕಾಂ ಅಂದಾಜಿನಂತೆ 2025ರ ಹಣಕಾಸು ವರ್ಷದಲ್ಲಿ ದೇಶದ ತಂತ್ರಜ್ಞಾನ ಉದ್ಯಮದಲ್ಲಿ ಸುಮಾರು 58 ಲಕ್ಷ ಜನ ದುಡಿಯುತ್ತಿದ್ದರು. ಆ ಒಂದು ವರ್ಷದಲ್ಲಿ ಸೇರ್ಪಡೆಯಾದವರೇ ನಿವ್ವಳ 1.26 ಲಕ್ಷ. ಮುಳುಗುತ್ತಿರುವ ಉದ್ಯಮ ಹೀಗೆ ಜನರನ್ನು ಸೇರಿಸಿಕೊಳ್ಳುವುದಿಲ್ಲ.

ಕರ್ನಾಟಕಕ್ಕೆ ಇನ್ನೊಂದು ಅನುಕೂಲವಿದೆ. ವಿದೇಶಿ ಕಂಪನಿಗಳು ಇಲ್ಲಿ ತಮ್ಮದೇ ಕಚೇರಿ ತೆರೆದು ಕೆಲಸ ಮಾಡಿಸುವ ಜಾಗತಿಕ ಸಾಮರ್ಥ್ಯ ಕೇಂದ್ರಗಳು ದೇಶದಲ್ಲೇ ಬೆಂಗಳೂರಿನಲ್ಲಿ ಅತಿ ಹೆಚ್ಚು. ಇಂಥ 500 ಹೊಸ ಕೇಂದ್ರ, 3.5 ಲಕ್ಷ ಉದ್ಯೋಗ ಎಂಬುದು 2029ರವರೆಗಿನ ರಾಜ್ಯದ ನೀತಿಯ ಗುರಿ. ಗುರಿಯೆಲ್ಲ ಕೈಗೂಡುವುದಿಲ್ಲ ಎಂದೇ ಇಟ್ಟುಕೊಳ್ಳೋಣ, ಅರ್ಧವಾದರೂ ಸಣ್ಣ ಸಂಖ್ಯೆಯಲ್ಲ. ವಿಶ್ವ ಆರ್ಥಿಕ ವೇದಿಕೆಯ ವರದಿಯನ್ನು ಕೈಕಸುಬಿನ ಪರ ಇರುವವರೆಲ್ಲ ಉಲ್ಲೇಖಿಸುತ್ತಾರೆ. ಅದರಲ್ಲಿ ಅತಿ ಹೆಚ್ಚು ಬೆಳೆಯುವ ಕೆಲಸಗಳ ಸಾಲಿನಲ್ಲಿ ಸಾಫ್ಟ್‌ವೇರ್ ಡೆವಲಪರ್‌ಗಳೂ ಇದ್ದಾರೆ ಎಂಬುದನ್ನು ಯಾರೂ ಹೇಳುವುದಿಲ್ಲ.

ಯಂತ್ರ ಕೆಲಸ ಕಿತ್ತುಕೊಳ್ಳುತ್ತದೆ ಎಂಬ ಭವಿಷ್ಯವಾಣಿಗಳನ್ನೂ ಸ್ವಲ್ಪ ಎಚ್ಚರದಿಂದ ನಂಬಬೇಕು. ಜೆಫ್ರಿ ಹಿಂಟನ್ ಈ ತಂತ್ರಜ್ಞಾನದ ಹಿರಿಯರಲ್ಲೊಬ್ಬರು, 2024ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರು. ಅವರು 2016ರಲ್ಲಿ ರೇಡಿಯಾಲಜಿಸ್ಟರಿಗೆ ತರಬೇತಿ ಕೊಡುವುದನ್ನೇ ನಿಲ್ಲಿಸಬೇಕು ಎಂದಿದ್ದರು. ಇವತ್ತಿಗೂ ಆಸ್ಪತ್ರೆಗಳಲ್ಲಿ ಸ್ಕ್ಯಾನಿಂಗ್ ವರದಿಗೆ ರೇಡಿಯಾಲಜಿಸ್ಟರೇ ಸಹಿ ಹಾಕುತ್ತಿದ್ದಾರೆ.

ಇನ್ನು ದೇಹದ ಮಾತು. ಕಂಬ, ಛಾವಣಿ ಹತ್ತುವುದು ಇಪ್ಪತ್ತೈದರಲ್ಲಿ ಸಲೀಸು. ಐವತ್ತರಲ್ಲಿ ಮಂಡಿ ಕೇಳುವುದಿಲ್ಲ. ಕರೆಂಟಿನ ಕೆಲಸದಲ್ಲಿ ಒಂದು ತಪ್ಪಿಗೆ ಜೀವವೇ ಹೋಗುತ್ತದೆ. ಕಾಂಟ್ರ್ಯಾಕ್ಟಿನಲ್ಲಿ ದುಡಿಯುವವರಿಗೆ ಹಲವು ಕಡೆ ಪಿಎಫ್, ಇಎಸ್ಐ ಕೂಡ ಇರುವುದಿಲ್ಲ.

ಇವೆಲ್ಲ ಲೆಕ್ಕದ ಮಾತಾಯಿತು. ನಾನು ಈ ಪಕ್ಷ ಹಿಡಿದಿರುವುದಕ್ಕೆ ನಿಜವಾದ ಕಾರಣ ನಮ್ಮ ಹೆಣ್ಣುಮಕ್ಕಳು. ಕೈಕಸುಬು ಎಂದು ಮಾತಾಡುವವರೆಲ್ಲ ‘ಹುಡುಗ’ ಎಂದೇ ಹೇಳುವುದನ್ನು ಗಮನಿಸಿ. ಐಟಿಐನ ಫಿಟ್ಟರ್, ವೆಲ್ಡರ್ ಕ್ಲಾಸಿನಲ್ಲಿ ಹುಡುಗಿಯರು ಎಷ್ಟಿದ್ದಾರೆ? ನರ್ಸಿಂಗ್ ಇದೆ, ನಿಜ. ಅದೊಂದೇ ಸಾಲದು. ಹಳ್ಳಿಯ ಹುಡುಗಿಯೊಬ್ಬಳು ಬೆಂಗಳೂರಿನಲ್ಲಿ ಒಬ್ಬಳೇ ರೂಮು ಮಾಡಿಕೊಂಡು, ತನ್ನ ಸಂಬಳ ತನ್ನ ಖಾತೆಗೇ ಬರುವಂತೆ ಬದುಕಲು ದಾರಿ ಮಾಡಿಕೊಟ್ಟದ್ದು ಈ ಕ್ಷೇತ್ರ. ರಾತ್ರಿ ಪಾಳಿ ಮುಗಿದರೆ ಮನೆ ಬಾಗಿಲಿಗೆ ಕ್ಯಾಬು ಬರುತ್ತದೆ ಎಂಬ ಒಂದೇ ಧೈರ್ಯಕ್ಕೆ ಮಗಳನ್ನು ಕಳಿಸಿದ ತಂದೆತಾಯಿಯರು ನನ್ನ ಮುಂದೆ ಕೂತು ಹೋಗಿದ್ದಾರೆ. ಆ ದಾರಿಯನ್ನು ನೀವೇ ಮುಚ್ಚಿಕೊಳ್ಳಿ ಎಂದು ಅವರಿಗೆ ನಾನು ಹೇಳಲಾರೆ.

ಹಾಗೆಂದು ಎಲ್ಲ ಚೆನ್ನಾಗಿದೆ ಎನ್ನುವಂತಿಲ್ಲ. 2021-22ರಲ್ಲಿ ಒಬ್ಬೊಬ್ಬರ ಕೈಯಲ್ಲಿ ಮೂರು ಮೂರು ಆಫರ್ ಲೆಟರ್ ಇದ್ದವು. ಈಗ ಹಾಗಿಲ್ಲ. ನೂರಾರು ಜನರನ್ನು ಒಮ್ಮೆಗೇ ತೆಗೆದುಕೊಳ್ಳುತ್ತಿದ್ದ ಕಂಪನಿಗಳು ಹತ್ತಿಪ್ಪತ್ತು ಜನರನ್ನು ಆರಿಸಿಕೊಂಡು ಹೋಗುತ್ತವೆ. ಟಿಸಿಎಸ್‌ನಂಥ ಕಂಪನಿಯೇ 2025ರ ಜುಲೈನಲ್ಲಿ ಸಿಬ್ಬಂದಿಯಲ್ಲಿ ಸುಮಾರು ಶೇ 2ರಷ್ಟು, ಅಂದರೆ 12,000ಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ನಮ್ಮಲ್ಲಿ ಕಂಪ್ಯೂಟರ್ ಸೈನ್ಸ್ ಸೆಕ್ಷನ್‌ಗಳು ಹೆಚ್ಚಿದವು, ಮೆಕ್ಯಾನಿಕಲ್, ಸಿವಿಲ್ ಲ್ಯಾಬುಗಳು ಖಾಲಿಯಾದವು. ಮೊನ್ನೆ ಬಂದ ಕಂಪನಿಯೊಂದು ಎಲೆಕ್ಟ್ರಿಕಲ್ ವಿದ್ಯಾರ್ಥಿಗಳೇ ಬೇಕೆಂದಿತು. ಆ ಬ್ರಾಂಚಿನಲ್ಲಿ ಕೊಡಲು ನಮ್ಮ ಹತ್ತಿರ ಅಷ್ಟು ಜನರೇ ಇರಲಿಲ್ಲ. ಆಯ್ಕೆಯಾದ ನಾಲ್ವರಲ್ಲಿ ಮೂವರು ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದ್ದವರು.

ಸಿಂಧನೂರು ಕಡೆಯ ಹುಡುಗಿಯೊಬ್ಬಳು ಐದು ವರ್ಷದ ಹಿಂದೆ ನಮ್ಮಲ್ಲೇ ಪ್ಲೇಸ್ ಆದಳು. ಅವಳ ತಂದೆ ಅಕ್ಕಿ ಗಿರಣಿಯಲ್ಲಿ ಹಮಾಲಿ. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಸೇರಿ, ತಂಗಿಯನ್ನು ಓದಿಸಿ, ಊರಲ್ಲಿ ಮನೆಗೆ ಆರ್‌ಸಿಸಿ ಹಾಕಿಸಿದಳು. ಹೋದ ವಾರ ಫೋನ್ ಮಾಡಿದ್ದಳು. “ಮೇಡಂ, ನಮ್ಮ ಟೀಮಿನಲ್ಲಿ ಹನ್ನೆರಡು ಜನ ಇದ್ವಿ, ಈಗ ಐದು ಜನ. ನನ್ನ ಕೆಲಸ ಉಳಿಯುತ್ತಾ?” ಉಳಿಯುತ್ತದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಕೈಯಿಂದ ಮಾಡುತ್ತಿರುವ ಟೆಸ್ಟಿಂಗ್ ಬಿಟ್ಟು ಆಟೊಮೇಷನ್ ಕಲಿ, ಕ್ಲೌಡ್ ಕಲಿ ಎಂದೆ. ಶನಿವಾರ, ಭಾನುವಾರದ ಕ್ಲಾಸಿಗೆ ಸೇರಿದ್ದಾಳೆ. ಫೀಸು ಮೂರು ಕಂತು. ಮೊದಲ ಕಂತು ಕಟ್ಟಿ ರಸೀದಿಯ ಫೋಟೊ ಕಳಿಸಿದ್ದಾಳೆ.