ಅವರ ಆಟಕ್ಕೆ ಮೀಸಲಾತಿ, ನಮಗೆ ಮೆರಿಟ್ಟು!



ಹಟ್ಟಿಯಲ್ಲಿ ಬೆಳೆದ ನಮಗೆ ಗೋಲಿ ಗೊತ್ತು, ಚಿನ್ನಿದಾಂಡು ಗೊತ್ತು. ಕೋಲಲ್ಲಿ ಚೆಂಡು ಹೊಡೆದು ಗುಳಿಗೆ ಬೀಳಿಸೋಕೆ ನೂರು ಎಕರೆ ಯಾಕೆ ಬೇಕು ಅಂತ ನಮ್ಮವ್ವಂದಿರು ಕೇಳಿದರೆ, ಉತ್ತರ ಹೇಳಲು ನಮ್ಮ ಬಿ.ಎ. ಸಾಲದು. ಆದರೂ ಈ ಸಲ ಗಾಲ್ಫ್ ಬಗ್ಗೆಯೇ ಬರೆಯುತ್ತಿದ್ದೇವೆ. ಯಾಕೆಂದರೆ ನಾವು ಸರ್ಟಿಫಿಕೇಟು ಹಿಡಿದು ಕೆಲಸ ಕೇಳಲು ಹೋಗುವ ಕಂಪ್ಯೂಟರ್ ಕಂಪನಿಗಳ ದೊಡ್ಡವರು ಆ ಹುಲ್ಲಿನ ಮೇಲೆ ಓಡಾಡುತ್ತಾರೆ. ನಾಲ್ಕು ಜನ, ನಾಲ್ಕು ಗಂಟೆ, ಹದಿನೆಂಟು ಗುಳಿ. ಹೊರಗಿನವನ ಕಿವಿ ಬೀಳದ ಜಾಗ. ಅಲ್ಲಿ ಗುತ್ತಿಗೆ ಕುದುರುತ್ತದೆ, ಪರಿಚಯ ಬೆಳೆಯುತ್ತದೆ, ‘ನಮ್ಮ ಹುಡುಗ ಒಬ್ಬ ಇದಾನೆ, ನೋಡಿ’ ಅನ್ನುವ ಮಾತು ಹುಟ್ಟುತ್ತದೆ. ಆ ನಾಲ್ವರ ಜೊತೆ ನಡೆಯುವ ಐದನೆಯವನು ಕ್ಯಾಡಿ. ಹದಿನಾಲ್ಕು ಕೋಲಿನ ಚೀಲ ಅವನ ಹೆಗಲ ಮೇಲೆ. ಅವನು ಎಲ್ಲ ಕೇಳಿಸಿಕೊಳ್ಳುತ್ತಾನೆ. ಅವನನ್ನು ಯಾರೂ ಕೇಳುವುದಿಲ್ಲ.

ಬೆಂಗಳೂರಿನಲ್ಲಿ ಬಿಳಿ ದೊರೆಗಳು 1876ರಲ್ಲೇ ಗಾಲ್ಫ್ ಕ್ಲಬ್ಬು ಕಟ್ಟಿಕೊಂಡರು. ದೊರೆಗಳು ಹೋದರು, ಆಟ ಉಳಿಯಿತು. ಇವತ್ತು ದೊಮ್ಮಲೂರಿನಾಚೆ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನ ಹಸಿರಾಗಿ ಹಾಸಿಕೊಂಡಿದೆಯಲ್ಲ, ಅದು ಚಲ್ಲಘಟ್ಟ ಕೆರೆಯ ಅಂಗಳ. ಅದರ ಮಗ್ಗುಲಲ್ಲಿ ಎದ್ದ ಕಂಪನಿ ಬಡಾವಣೆಗೆ ‘ಎಂಬಸಿ ಗಾಲ್ಫ್ ಲಿಂಕ್ಸ್’ ಅಂತಲೇ ಹೆಸರು. ಗಾಲ್ಫಿಗೂ ಕಂಪನಿಗೂ ಏನು ಲಿಂಕು ಅಂತ ಇನ್ನು ನಾವು ಹುಡುಕಬೇಕಾಗಿಲ್ಲ. ಬೋರ್ಡೇ ಬರೆದು ಹಾಕಿದ್ದಾರೆ!

ಕೆರೆ ಅಂದರೆ ನಮಗೆ ಬರೀ ನೀರಲ್ಲ. ನಮ್ಮ ಸೀಮೆಯ ಕೆರೆಗಳಲ್ಲಿ ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚಿದ ನೀರುಗಂಟಿ ಬಹುಪಾಲು ನಮ್ಮ ಕೇರಿಯವನೇ. ಊರ ಬೆಳೆಗೆಲ್ಲ ನೀರು ಬಿಟ್ಟವನು ಊರ ಬಾವಿಗೆ ಇಳಿಯುವಂತಿರಲಿಲ್ಲ. 1927ರಲ್ಲಿ ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಗೆ ಇಳಿದು ನೀರು ಮುಟ್ಟಿದ್ದು ಬರೀ ಬಾಯಾರಿಕೆಗಲ್ಲ. ಅಂಥ ಚರಿತ್ರೆ ಇರುವ ನಮಗೆ, ಮುಟ್ಟಬೇಕಾದ ಕೆರೆಯೇ ಮಾಯವಾಗಿ ಅದರ ಮೇಲೆ ಬೇಲಿ ಎದ್ದಿರುವುದು ಏನು ಹೇಳುತ್ತದೆ? ಹಿಂದೆ ಕೆರೆ ಇತ್ತು, ಬಿಡಲಿಲ್ಲ. ಈಗ ಬಿಡುವುದಕ್ಕೆ ಕೆರೆಯೇ ಇಲ್ಲ.

ಇದೇ ಮೈದಾನದಲ್ಲಿ ನಿಂತು ಒಂದು ಜಗತ್ಪ್ರಸಿದ್ಧ ಪುಸ್ತಕ ಶುರುವಾಗುತ್ತದೆ. ಅಮೆರಿಕದ ಪತ್ರಕರ್ತ ಥಾಮಸ್ ಫ್ರೀಡ್‌ಮನ್ 2005ರಲ್ಲಿ ಪ್ರಕಟಿಸಿದ ‘ದಿ ವರ್ಲ್ಡ್ ಈಸ್ ಫ್ಲಾಟ್’. ಚೆಂಡಿಗೆ ಗುರಿ ಯಾವುದು? ಎದುರಿಗೆ ನಿಂತ ಮೈಕ್ರೋಸಾಫ್ಟ್, ಐಬಿಎಂ ಕಟ್ಟಡಗಳು. ಕ್ಯಾಡಿಯ ತಲೆ ಮೇಲೆ ತ್ರೀಎಂ ಕಂಪನಿಯ ಟೋಪಿ. ಆ ದೃಶ್ಯದಲ್ಲಿ ಟೋಪಿಯ ಹೆಸರಿದೆ, ಟೋಪಿ ಕೆಳಗಿನ ತಲೆಯ ಹೆಸರಿಲ್ಲ. ಇನ್ಫೋಸಿಸ್‌ನ ನಂದನ್ ನಿಲೇಕಣಿ ಅವರ ಜೊತೆ ಮಾತಾಡುವಾಗ, ಆಟದ ಮೈದಾನ ಸಮವಾಗುತ್ತಿದೆ ಎಂಬ ಮಾತು ಕೇಳಿ ಲೇಖಕರಿಗೆ ಜಗತ್ತೇ ಚಪ್ಪಟೆಯಾದಂತೆ ಹೊಳೆಯಿತಂತೆ.

ಸ್ವಾಮೀ, ಯಾರಿಗೆ ಸಮ? ಬೆಂಗಳೂರಿನ ಎಂಜಿನಿಯರಿಗೂ ಬೋಸ್ಟನ್ನಿನ ಎಂಜಿನಿಯರಿಗೂ ಮೈದಾನ ಸಮವಾಗಿರಬಹುದು. ಚೀಲ ಹೊತ್ತವನಿಗೂ ಕೋಲು ಬೀಸಿದವನಿಗೂ ಸಮವಾಯಿತೇ? ನಮ್ಮಲ್ಲಿ ಕೆಲವರು ಇಂಥ ಕಂಪನಿಗಳ ಸಂದರ್ಶನಕ್ಕೆ ಹೋಗಿದ್ದೇವೆ. ‘ತಂದೆ ಏನು ಮಾಡ್ತಾರೆ?’ ಅಂದರು. ‘ಕೂಲಿ’ ಅಂದೆವು. ‘ಹವ್ಯಾಸ?’ ಅಂದರು. ಓದೋದು ಅಂದೆವು. ಇಂಗ್ಲಿಷಿನಲ್ಲಿ ನಾಲಿಗೆ ಎಡವಿತು. ಸಾರ್ವಜನಿಕ ಕೆಲಸಕ್ಕೆ ಮೀಸಲಾತಿ ಇದೆ. ಖಾಸಗಿ ಕಂಪನಿಗೆ ಇಲ್ಲ. ‘ನಮ್ಮಲ್ಲಿ ಮೆರಿಟ್ ಒಂದೇ’ ಅನ್ನುತ್ತಾರೆ. ಹಾಗೆನ್ನುವವರೇ ಒಳಗಿರುವವರ ಶಿಫಾರಸಿನಿಂದ ಆಳು ತೆಗೆದುಕೊಂಡು ಅದಕ್ಕೆ ‘ರೆಫರಲ್’ ಅಂತ ಅಂದದ ಹೆಸರಿಡುತ್ತಾರೆ. ಮೊಮ್ಮಗನಿಗೆ ಶಾನುಭೋಗಿಕೆ ಬಂದ ಕಾಲದಲ್ಲಿ ಅದಕ್ಕೆ ಬೇರೆ ಹೆಸರಿತ್ತು, ಅಷ್ಟೇ.

ಈಗ ಅವರ ಆಟದ ನಿಯಮ ನೋಡಿ. ಗಾಲ್ಫಿನಲ್ಲಿ ಕಮ್ಮಿ ಏಟಿನಲ್ಲಿ ಮುಗಿಸಿದವನು ಗೆದ್ದ. ಪಳಗಿದವನು 72 ಏಟಿನಲ್ಲಿ ಮುಗಿಸುತ್ತಾನೆ. ಹೊಸಬ 90 ತಗೊಳ್ತಾನೆ ಅನ್ನಿ. ಹೊಸಬ ಸೋತ ಅಂದಿರಾ? ಇಲ್ಲ! ‘ಹ್ಯಾಂಡಿಕ್ಯಾಪ್’ ಅಂತ ಒಂದು ಪದ್ಧತಿ. ಹೊಸಬನ ಹ್ಯಾಂಡಿಕ್ಯಾಪ್ 18 ಇದ್ದರೆ ಅವನ 90ರಲ್ಲಿ 18 ಕಳೆಯುತ್ತಾರೆ. ಉಳಿದದ್ದು 72. ಇಬ್ಬರೂ ಸಮ. 2020ರಲ್ಲಿ ಜಾರಿಗೆ ಬಂದ ಜಾಗತಿಕ ಹ್ಯಾಂಡಿಕ್ಯಾಪ್ ಪದ್ಧತಿ ಇದನ್ನು 54ರವರೆಗೂ ಕೊಡುತ್ತದೆ. ಹೀಗೆ ಗೆದ್ದವನ ಕಪ್ಪಿನ ಮೇಲೆ ‘ಕೋಟಾದವನು’ ಅಂತ ಯಾರೂ ಕೆತ್ತುವುದಿಲ್ಲ. ಆಟ ಕೆಟ್ಟಿತು, ದೇಶ ಹಾಳಾಯಿತು ಅಂತ ಯಾರೂ ಪತ್ರಿಕೆಗೆ ಬರೆಯುವುದಿಲ್ಲ. ಎಲ್ಲರೂ ಒಂದೇ ಬಲದಿಂದ ಮೈದಾನಕ್ಕೆ ಬರುವುದಿಲ್ಲ ಅನ್ನುವ ಸತ್ಯ ಭಾನುವಾರ ಬೆಳಿಗ್ಗೆ ಅವರಿಗೆ ಚೆನ್ನಾಗಿ ಗೊತ್ತು. ಸೋಮವಾರ ಕಂಪನಿಯ ಕುರ್ಚಿಯಲ್ಲಿ ಕೂತ ಕೂಡಲೇ ಮರೆತುಹೋಗುತ್ತದೆ.

‘ವೃತ್ತಿಪರ ಪಂದ್ಯಗಳಲ್ಲಿ ಹ್ಯಾಂಡಿಕ್ಯಾಪ್ ಇಲ್ಲವಲ್ಲ’ ಎಂದು ತಿಳಿದವರು ಕೇಳಬಹುದು. ನಿಜ, ಇಲ್ಲ. ಅಲ್ಲಿಯೇ, ಒಂದು ಏಟನ್ನೂ ಬೇಡದೆ, 2009ರ ಇಂಡಿಯನ್ ಓಪನ್ ಗೆದ್ದವರು ಸಿ. ಮುನಿಯಪ್ಪ. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದವರು. ಚೀಲ ಹೊತ್ತ ಹೆಗಲಿಗೆ ಕೋಲು ಬೀಸುವ ಶಕ್ತಿಯೂ ಇತ್ತು ಅಂತ ಆಯಿತಲ್ಲ! ‘ನೋಡಿ, ಕ್ಯಾಡಿಯೂ ಗೆಲ್ಲಬಹುದು’ ಅಂತ ಅವರನ್ನು ನಮಗೆ ತೋರಿಸುತ್ತಾರೆ. ನಾವು ತಿರುಗಿಸಿ ಕೇಳುತ್ತೇವೆ: ಅವರ ಜೊತೆ ಚೀಲ ಹೊತ್ತ ಉಳಿದವರ ಕೈಗೆ ಕೋಲು ಯಾವಾಗ ಬಂತು? ನಮ್ಮ ದೇಶದ ಬಹುತೇಕ ಕ್ಲಬ್ಬುಗಳಲ್ಲಿ ಕ್ಯಾಡಿಗೆ ತಿಂಗಳ ಸಂಬಳವಿಲ್ಲ. ಸುತ್ತಿಗೆ ಇಷ್ಟು ಅಂತ ಕೂಲಿ. 2020ರ ಲಾಕ್‌ಡೌನಿನಲ್ಲಿ ಸಾಫ್ಟ್‌ವೇರಿನವರ ಕೆಲಸ ಲ್ಯಾಪ್‌ಟಾಪಿನ ಜೊತೆ ಮನೆಗೆ ಹೋಯಿತು. ಕ್ಯಾಡಿ ಮನೆಗೆ ಹೋದ, ಕೆಲಸ ಹೋಗಲಿಲ್ಲ. ಅನ್ನ ಮೈದಾನದಲ್ಲೇ ಉಳಿಯಿತು.

ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. ಅಮೆರಿಕದ ಅಗಸ್ಟಾ ಕ್ಲಬ್ಬಿನಲ್ಲಿ ಮಾಸ್ಟರ್ಸ್ ಪಂದ್ಯ ನಡೆಯುತ್ತದೆ. 1982ರವರೆಗೂ ಅಲ್ಲಿ ಆಟಗಾರರ ಚೀಲ ಹೊತ್ತವರು ಕ್ಲಬ್ಬಿನ ಕಪ್ಪು ಕ್ಯಾಡಿಗಳು. ಕಪ್ಪು ಮನುಷ್ಯನೊಬ್ಬ ಅಲ್ಲಿ ಸದಸ್ಯನಾದದ್ದು 1990ರಲ್ಲಿ. ಐಬಿಎಂ ಆ ಪಂದ್ಯದ ಪ್ರಾಯೋಜಕ; ಅದರ ಮುಖ್ಯಸ್ಥರಿಗೆ ಸದಸ್ಯತ್ವ ಸಿಗುವ ವಾಡಿಕೆ ಇತ್ತು. 2012ರಲ್ಲಿ ಜಿನ್ನಿ ರೊಮೆಟ್ಟಿ ಎಂಬ ಹೆಂಗಸು ಮುಖ್ಯಸ್ಥೆಯಾದರು. ಆ ಏಪ್ರಿಲಿನ ಪಂದ್ಯಕ್ಕೆ ಅವರ ಕಂಪನಿಯ ದುಡ್ಡು ಬಂತು, ಅವರ ಯಂತ್ರಗಳು ಬಂದವು, ಅವರೂ ಬಂದರು. ಸದಸ್ಯತ್ವ ಮಾತ್ರ ಬರಲಿಲ್ಲ. ಯಾಕೆಂದರೆ ಒಬ್ಬ ಹೆಂಗಸೂ ಅಲ್ಲಿ ಸದಸ್ಯೆಯಾಗಿರಲಿಲ್ಲ. ಅದೇ ಆಗಸ್ಟಿನಲ್ಲಿ ಇಬ್ಬರು ಹೆಂಗಸರಿಗೆ ಬಾಗಿಲು ತೆರೆದರು. ಅವರಲ್ಲಿ ರೊಮೆಟ್ಟಿ ಇರಲಿಲ್ಲ. ಚೆಂಡು ಕೂರಿಸುವ ಆ ಸಣ್ಣ ಮರದ ಟೀ ಇದೆಯಲ್ಲ, ಅದಕ್ಕೆ 1899ರಲ್ಲಿ ಪೇಟೆಂಟ್ ಪಡೆದವರು ಜಾರ್ಜ್ ಗ್ರಾಂಟ್ ಎಂಬ ಕಪ್ಪು ದಂತವೈದ್ಯ, ಗುಲಾಮಗಿರಿ ಕಂಡ ತಂದೆತಾಯಿಯ ಮಗ. ಕಂಡುಹಿಡಿಯುವ ಬುದ್ಧಿ ಹೊರಗಿನವನದು, ಬಾಗಿಲು ಕಾಯುವ ಹಕ್ಕು ಒಳಗಿನವನದು. ಇದಕ್ಕೇ ಅಲ್ಲವೇ ಮೆರಿಟ್ ಅನ್ನುವುದು?

2024ರ ಜುಲೈನಲ್ಲಿ ಕರ್ನಾಟಕ ಸರ್ಕಾರ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮೀಸಲು ಕೊಡುವ ಮಸೂದೆ ತರಲು ಹೊರಟಿತು. ಅದು ಜಾತಿಯ ಮೀಸಲಾತಿಯೂ ಅಲ್ಲ. ಅಷ್ಟಕ್ಕೇ ಸಾಫ್ಟ್‌ವೇರ್ ಉದ್ಯಮದ ಸಂಘ ನಾಸ್ಕಾಂ, ಕಂಪನಿಗಳು ಊರು ಬಿಟ್ಟಾವು ಎಂದು ಎಚ್ಚರಿಸಿತು. ಸರ್ಕಾರ ಮಸೂದೆಯನ್ನು ತಡೆಹಿಡಿಯಿತು. ಹಟ್ಟಿಯವರು ನೂರು ವರ್ಷ ಕೂಗಿದರೂ ತಿರುಗದ ತಲೆ ಅವರ ಒಂದು ಹೇಳಿಕೆಗೆ ತಿರುಗಿತು.

ನಮಗೆ ಅವರ ಕ್ಲಬ್ಬಿನ ಸದಸ್ಯತ್ವ ಬೇಡ. ಆಟದ ಮೇಲೂ ನಮಗೆ ಹಗೆಯಿಲ್ಲ. ಗಾಲ್ಫಿನ ತವರು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಹಳೆಯ ಮೈದಾನ ಊರ ಜನರ ಸ್ವತ್ತು. ಭಾನುವಾರ ಅಲ್ಲಿ ಸಾಮಾನ್ಯವಾಗಿ ಆಟವೇ ಇಲ್ಲ. ಜನ ಮಕ್ಕಳುಮರಿ ಕರಕೊಂಡು ಓಡಾಡುತ್ತಾರೆ. ಹಾಗಾದರೆ ಬೇಲಿ ಆಟ ಹುಟ್ಟಿಸಿದ್ದಲ್ಲ, ನಮ್ಮವರು ಕಟ್ಟಿಕೊಂಡದ್ದು. ನಾವು ಕೇಳುವುದು ಇಷ್ಟೆ: ಸರ್ಕಾರದ ನೆಲ, ಸರ್ಕಾರದ ರಿಯಾಯಿತಿ ಉಂಡ ಕಂಪನಿಗಳು ತಮ್ಮಲ್ಲಿ ಯಾವ ಜಾತಿಯವರು ಎಷ್ಟಿದ್ದಾರೆ, ಯಾವ ಕುರ್ಚಿಯಲ್ಲಿದ್ದಾರೆ ಎಂದು ಬಹಿರಂಗವಾಗಿ ಲೆಕ್ಕ ಕೊಡಲಿ. ಅಲ್ಲಿ ಮೀಸಲಾತಿ ಬರಲಿ. ಚೀಲ ಹೊರುವವನಿಗೆ, ಕಕ್ಕಸು ತೊಳೆಯುವವಳಿಗೆ ಕಾಯಂ ಸಂಬಳ, ಭವಿಷ್ಯನಿಧಿ ಇರಲಿ.

ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಶಾಲೆಯಲ್ಲಿ ಯಾರಾದರೂ ಮೀಸಲಾತಿ ಅಂದರೆ ಭಿಕ್ಷೆ ಅಂದರೆ, ಭಾಷಣ ಮಾಡಬೇಡಿ. ಕರಿಹಲಗೆಯ ಮೇಲೆ ಮೂರು ಅಂಕಿ ಬರೆಯಿರಿ: 90, 18, 72. ಇದು ಸಾಹುಕಾರರ ಆಟದ ಲೆಕ್ಕ ಅಂತ ಹೇಳಿ. ಉಳಿದದ್ದನ್ನು ಮಕ್ಕಳೇ ಕಳೆದು ನೋಡುತ್ತಾರೆ.