ಎಲೈಸಾ ಕಿಟ್ ಖರೀದಿ: ಕನಿಷ್ಠ ದರದ ದುಬಾರಿ ಲೆಕ್ಕ

ಗುತ್ತಿಗೆ ಸಂಶೋಧನಾ ಸಂಸ್ಥೆಗಳು, ಪಶುವೈದ್ಯಕೀಯ ಪ್ರಯೋಗಾಲಯಗಳು, ಲಸಿಕೆ ತಯಾರಕರು ಇವರೆಲ್ಲರ ಖರೀದಿ ಪಟ್ಟಿಯಲ್ಲಿ ಎಲೈಸಾ ಕಿಟ್ಟಿಗೆ ಖಾಯಂ ಸ್ಥಾನವಿದೆ. ಪ್ರಾಣಿಯ ರಕ್ತ, ಹಾಲು ಅಥವಾ ಅಂಗಾಂಶದಲ್ಲಿರುವ ನಿರ್ದಿಷ್ಟ ಪ್ರೋಟೀನನ್ನು ಪ್ರತಿಕಾಯಗಳ ನೆರವಿನಿಂದ ಹಿಡಿದು, ಮೂಡುವ ಬಣ್ಣದ ಗಾಢತೆಯಿಂದ ಅದರ ಪ್ರಮಾಣವನ್ನು ತಿಳಿಸುವ ಈ ವಿಧಾನವು 1971ರಲ್ಲಿ ಸ್ವೀಡನ್ ಮತ್ತು ನೆದರ್ಲೆಂಡ್ಸ್‌ಗಳಲ್ಲಿ ಬಹುಮಟ್ಟಿಗೆ ಏಕಕಾಲದಲ್ಲಿ ರೂಪುಗೊಂಡಿತು. 96 ಗುಳಿಗಳ ತಟ್ಟೆ, ನಾಲ್ಕಾರು ಸೀಸೆಗಳು, ಒಂದು ಸೂಚನಾ ಪತ್ರ; ಹೊರನೋಟಕ್ಕೆ ಎಲ್ಲ ಕಿಟ್ಟುಗಳೂ ಒಂದೇ. ಆದುದರಿಂದಲೇ ಅನೇಕ ಖರೀದಿ ವಿಭಾಗಗಳು ಇದನ್ನು ಕೈಗವಸು, ಗಾಜಿನ ಸಾಮಾನುಗಳ ಸಾಲಿಗೆ ಸೇರಿಸಿ, ಕನಿಷ್ಠ ದರ ನಮೂದಿಸಿದವರಿಗೆ ಆದೇಶ ನೀಡುತ್ತವೆ. ಉಳಿತಾಯದ ಹೆಸರಿನಲ್ಲಿ ನಷ್ಟವನ್ನು ಬರಮಾಡಿಕೊಳ್ಳುವ ಪದ್ಧತಿ ಇದು.

ಕಿಟ್ಟಿನ ಜೀವಾಳ ಪ್ರತಿಕಾಯ. ಮಾನವ ಪ್ರೋಟೀನಿಗಾಗಿ ತಯಾರಿಸಿದ ಪ್ರತಿಕಾಯವು ಹಸುವಿನಲ್ಲಿರುವ ಅದೇ ಹೆಸರಿನ ಪ್ರೋಟೀನನ್ನು ಗುರುತಿಸಬಹುದು, ಗುರುತಿಸದಿರಬಹುದು, ಅರೆಬರೆಯಾಗಿ ಗುರುತಿಸಲೂಬಹುದು. ಮೂರನೆಯದೇ ಹೆಚ್ಚು ಅಪಾಯಕಾರಿ. ಏಕೆಂದರೆ ಆಗಲೂ ಯಂತ್ರವು ಒಂದು ಅಂಕಿಯನ್ನು ಕೊಟ್ಟೇ ಕೊಡುತ್ತದೆ. ಅಲ್ಲದೆ, ಅಳೆಯಬೇಕಾದ ಪ್ರೋಟೀನು ಎಲ್ಲ ಪ್ರಾಣಿಗಳಲ್ಲೂ ಒಂದೇ ಅಲ್ಲ. ಉರಿಯೂತದ ಸೂಚಕವಾಗಿ ಮನುಷ್ಯರಲ್ಲಿಯೂ ನಾಯಿಗಳಲ್ಲಿಯೂ ಸಿ-ರಿಯಾಕ್ಟಿವ್ ಪ್ರೋಟೀನನ್ನು ನೆಚ್ಚಲಾಗುತ್ತದೆ. ದನಗಳಲ್ಲಿ ಅದರ ಪಾತ್ರ ಗೌಣ; ಅಲ್ಲಿ ಮುಖ್ಯವಾದುದು ಹ್ಯಾಪ್ಟೋಗ್ಲೋಬಿನ್. ಆರೋಗ್ಯವಂತ ಹಸುವಿನ ರಕ್ತದಲ್ಲಿ ಅತ್ಯಲ್ಪವಾಗಿರುವ ಇದು ಕೆಚ್ಚಲು ಬಾವಿನಂತಹ ತೀವ್ರ ಸೋಂಕಿನಲ್ಲಿ ನೂರು ಪಟ್ಟಿಗೂ ಮೀರಿ ಏರಬಲ್ಲದು. ಇಷ್ಟು ವಿಶಾಲವಾದ ವ್ಯತ್ಯಾಸವನ್ನು ಅಳೆಯಬೇಕಾದರೆ ಮಾದರಿಯನ್ನು ಎಷ್ಟು ಪಟ್ಟು ತೆಳುಗೊಳಿಸಬೇಕೆಂಬುದನ್ನು ತಯಾರಕರು ದನದ ರಕ್ತಸಾರದಲ್ಲಿಯೇ ಪರೀಕ್ಷಿಸಿ ತಿಳಿಸಿರಬೇಕು. ಇಲಿಯ ಮಾದರಿಯಲ್ಲಿ ನಡೆಸಿದ ಪರೀಕ್ಷೆ ಇಲ್ಲಿ ಸಾಕ್ಷ್ಯವಾಗದು.

ಇನ್ನು ಹಣದ ಮಾತು. ತಿಂಗಳುಗಟ್ಟಲೆ ಔಷಧ ನೀಡಿ ಸಾಕಿದ ಇಲಿಯಿಂದ ತೆಗೆದ ಕೆಲವು ಹನಿ ರಕ್ತಸಾರವು ಒಮ್ಮೆ ಖರ್ಚಾದರೆ ಮತ್ತೆ ದೊರೆಯದು. ಫಲಿತಾಂಶ ಸಂಶಯಾಸ್ಪದವಾದರೆ ಇಡೀ ಅಧ್ಯಯನವನ್ನೇ ಪುನಃ ನಡೆಸಬೇಕಾಗುತ್ತದೆ, ಗ್ರಾಹಕರ ವಿಶ್ವಾಸವೂ ಕುಂದುತ್ತದೆ. ಇವುಗಳ ಮುಂದೆ ಕಿಟ್ಟಿನಲ್ಲಿ ಉಳಿಸಿದ ಹಣ ಯಾವ ಲೆಕ್ಕಕ್ಕೆ? ‘ಸಂಶೋಧನಾ ಬಳಕೆಗೆ ಮಾತ್ರ’ ಎಂಬ ಚೀಟಿಯುಳ್ಳ ಕಿಟ್ಟು ತನ್ನ ಕೆಲಸಕ್ಕೆ ಯೋಗ್ಯವೆಂದು ಸಿದ್ಧಪಡಿಸುವ ಹೊಣೆ ಬಹುಪಾಲು ಕೊಂಡವರದೇ ಎಂಬುದನ್ನೂ ವ್ಯವಸ್ಥಾಪಕರು ಮರೆಯುವಂತಿಲ್ಲ.

ಸ್ಥಳೀಯ ಉದ್ಯಮಕ್ಕೆ ಇದೇ ಅವಕಾಶ. ಬೆಂಗಳೂರಿನ ಯಲಹಂಕದಲ್ಲಿರುವ ನಿವೇದಿ ಸಂಸ್ಥೆಯು ಜಾನುವಾರುಗಳ ಬ್ರೂಸೆಲ್ಲಾ ರೋಗ ಪತ್ತೆಗೆ ಎಲೈಸಾ ಕಿಟ್ಟುಗಳನ್ನು ಅಭಿವೃದ್ಧಿಪಡಿಸಿದೆ. ಅಲ್ಲಿ ಹುಡುಕುವುದು ರೋಗಾಣುವಿನ ವಿರುದ್ಧ ದೇಹವು ತಯಾರಿಸಿದ ಪ್ರತಿಕಾಯವನ್ನು; ಅದೂ ಒಂದು ಪ್ರೋಟೀನೇ. ಇಲ್ಲಿನ ಹಸು, ಎಮ್ಮೆ, ಕುರಿಗಳ ಮಾದರಿಗಳು ಸುಲಭವಾಗಿ ಲಭ್ಯವಿರುವ ತಯಾರಕರಿಗೆ ಪರದೇಶದ ಕಂಪನಿಗಳಿಗಿಲ್ಲದ ಅನುಕೂಲವಿದೆ. ಆದರೆ ಕನಿಷ್ಠ ದರವೊಂದೇ ಮಾನದಂಡವಾಗಿರುವವರೆಗೆ, ಪರೀಕ್ಷೆಗೆ ಹಣ ತೊಡಗಿಸಿದ ತಯಾರಕರು, ಎಲ್ಲಿಂದಲೋ ತರಿಸಿದ ಪೆಟ್ಟಿಗೆಗೆ ತಮ್ಮ ಚೀಟಿ ಅಂಟಿಸುವವರ ಎದುರು ಸೋಲುವುದೇ ಹೆಚ್ಚು.

ಆದುದರಿಂದ ಖರೀದಿ ಷರತ್ತುಗಳೇ ಬದಲಾಗಬೇಕು. ಉದ್ದೇಶಿತ ಪ್ರಾಣಿಯ ಮಾದರಿಯನ್ನು ಹಂತಹಂತವಾಗಿ ತೆಳುಗೊಳಿಸಿದಾಗಲೂ ಲೆಕ್ಕ ಹೊಂದುವುದೇ, ತಿಳಿದ ಪ್ರಮಾಣದ ಪ್ರೋಟೀನನ್ನು ಬೆರೆಸಿದರೆ ಅಷ್ಟೂ ಮರಳಿ ಕಾಣುವುದೇ ಎಂಬುದಕ್ಕೆ ದತ್ತಾಂಶ ಕೇಳಬೇಕು. ಅಧ್ಯಯನ ಮುಗಿಯುವವರೆಗೆ ಒಂದೇ ಬ್ಯಾಚಿನ ಕಿಟ್ಟುಗಳನ್ನು ಕಾಯ್ದಿರಿಸುವ ಕರಾರಿರಬೇಕು. ಪೂರ್ಣ ಆದೇಶಕ್ಕೆ ಮೊದಲು ಒಂದು ತಟ್ಟೆಯನ್ನು ಕೊಂಡು, ಪ್ರಯೋಗಾಲಯದ ಸ್ವಂತ ಮಾದರಿಗಳ ಮೇಲೆ ಓಡಿಸಿ ನೋಡಿದ ಬಳಿಕವಷ್ಟೇ ದರದ ಲಕೋಟೆಯನ್ನು ತೆರೆಯುವುದು ಒಳಿತು.